ಚಿಲಕದ ಮುದುಕಿ

ಶಹಜಹಾನಬೇಗಂ ಕಥೆ ಹೇಳುವುದನ್ನು ನಿಲ್ಲಿಸಿದ್ದಾಳೆಂಬ ಸುದ್ದಿ ಮನೆಯ ದೊಡ್ಡವರಿಗೆ ತಲುಪಿದ್ದು ಬದನೆಕಾಯಿ ಪಲ್ಯದ ಜೊತೆಗೆ. ಒಂಬತ್ತು ವರ್ಷದ ಮೊಮ್ಮಗಳು ಶಾಜಿಯಾ ರೊಟ್ಟಿ ಮುರಿಯುತ್ತ ಅಂದಳು:

"ದಾದಿ ಕಥೀನ ಹೇಳವಲ್ಲರು. ಇವತ್ತಿಗಿ ಎಂಟು ದಿನಾ ಆತು."

"ಗಂಟಲಾ ಕೆಟ್ಟಿರಬೇಕು. ಸುಮ್ಮನ ಉಣ್ಣು," ಅಂದಳು ಅವಳ ತಾಯಿ ತಸ್ಲೀಮಾ.

"ಗಂಟಲಾ ಛಲೋ ಐತಿ. ಮುಂಜಾನೆ ಹಾಲಿನವನ ಜೋಡಿ ಜಗಳಾ ಮಾಡಿದ್ರಲ್ಲ."

ಶಾಜಿಯಾಳ ತಂದೆ ಇಕ್ಬಾಲ ನಕ್ಕ. ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಅವನದು ತಕ್ಕಡಿ ರಿಪೇರಿಯ ಅಂಗಡಿ. ಕಾಳು ತೂಗುವ ಕಾಟಾ ಎಷ್ಟು ತಪ್ಪುತ್ತದೆ ಎಂದು ನಿಂತಲ್ಲೇ ಹೇಳಬಲ್ಲವನಿಗೆ ಮನೆಯೊಳಗೆ ಏನು ಏರುಪೇರಾಗಿದೆ ಎಂಬುದು ಯಾವಾಗಲೂ ಕಡೆಗೆ ತಿಳಿಯುತ್ತಿತ್ತು. ಮೇಜಿನ ಆ ತುದಿಯಲ್ಲಿ ಅವನ ಅಕ್ಕ ಹುಮಾ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಲೇಖನವೊಂದರ ಪ್ರೂಫು ಹಿಡಿದು ಕುಳಿತಿದ್ದಳು. ಅವಳು ತಲೆ ಎತ್ತಿದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ತಾಯಿ ಶಹಜಹಾನಬೇಗಂ ಎಂದಿನಂತೆ ಮಣೆ ಹಾಕಿಕೊಂಡು ಹಾಲಲ್ಲಿ ರೊಟ್ಟಿ ನೆನೆಸುತ್ತಿದ್ದಳು.

"ಯಾಕ ಅಮ್ಮೀ, ಯಾಕ ನಿಲ್ಲಿಸಿದಿ?" ಎಂದು ಹುಮಾ ಕೇಳಿದಳು.

ಮುದುಕಿ ಹಾಲಿನ ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ. "ತಸ್ಲೀಮಾ, ಕೇಳಿದವರಿಗಿ ಹೇಳು. ಕಥಿ ತೀರಿದುವಂತ."

ಕೇಳಿದವರು ನಾಲ್ಕು ಮಾರು ದೂರದಲ್ಲೇ ಇದ್ದರು. ತಸ್ಲೀಮಾ ಏನು ಮಾಡಿಯಾಳು? "ತೀರಿದುವಂತರಿ, ಆಪಾ," ಎಂದು ಅತ್ತೆಯ ಮಾತನ್ನು ನಾದಿನಿಗೆ ದಾಟಿಸಿ, ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು.

ಹುಮಾಳಿಗೆ ನಲವತ್ತೊಂಬತ್ತು. ಧಾರವಾಡದ ಕಾಲೇಜೊಂದರಲ್ಲಿ ಇಪ್ಪತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದಾಳೆ. ಮಕ್ಕಳ ಸಾಹಿತ್ಯ, ಸಾಹಿತ್ಯ ಸಿದ್ಧಾಂತ, ಅನುವಾದ, ಈ ಮೂರು ಹೊಲದಲ್ಲೂ ಬಿತ್ತಿ ಬೆಳೆದವಳು. ಕಾಗೆ ಗುಬ್ಬಿಯ ಕಥೆಯೊಂದನ್ನು ಹಿಡಿದು ಎರಡು ತಾಸು ಮಾತಾಡಿದರೂ ಅವಳ ಮಾತು ಮುಗಿಯುವುದಿಲ್ಲ. ಮದುವೆಯಾಗಲಿಲ್ಲ. ಓಣಿಯ ರೆಹಮತ್‌ಬಿ ಒಮ್ಮೆ ನಲ್ಲಿಯ ಹತ್ತಿರ, "ಮಕ್ಕಳಿಲ್ಲದಾಕಿ ಮಕ್ಕಳ ಪುಸ್ತಕಾ ಓದಿ ಪಗಾರ ತಗೋತಾಳವ್ವಾ," ಎಂದು ನಗೆಯಾಡಿದ್ದಳು. ಸಭೆಗಳಲ್ಲಿ ಎಂತೆಂಥ ವಿದ್ವಾಂಸರ ಬಾಯಿ ಮುಚ್ಚಿಸಿದ ಹುಮಾ ಅವತ್ತು ಕೊಡ ತುಂಬಿಸಿಕೊಂಡು ಸುಮ್ಮನೆ ಬಂದಿದ್ದಳು. ಶಾಜಿಯಾ ಕೂಡ ಅವಳಿಗೆ ಅಷ್ಟಾಗಿ ಹತ್ತಿರವಿರಲಿಲ್ಲ. ಅಪ್ಪನ ಅಕ್ಕನಾದ ಈ ಫುಪ್ಪಿ ಎಂದರೆ ಹುಡುಗಿಗೆ ಗೌರವ. ಮಡಿಲು ಬೇಕಾದಾಗ ಮಾತ್ರ ದಾದಿಯ ಕಡೆಗೇ ಓಡುತ್ತಿದ್ದಳು.

ಡಿಸೆಂಬರಿನಲ್ಲಿ ಹುಮಾಳ ಪುಸ್ತಕ ಬಂದಿತ್ತು. ಹೆಸರು 'ರೆಕ್ಕೆ ಮತ್ತು ಚಿಲಕ'. ಅಮ್ಮಿ ಉರ್ದುವಿನಲ್ಲಿ ಹೇಳಿದ ಮೂವತ್ತು ಕಥೆಗಳ ಕನ್ನಡ ಅನುವಾದ, ಮುಂದೆ ನಲವತ್ತು ಪುಟದ ಪ್ರಸ್ತಾವನೆ. ಎರಡನೆಯ ಸಂಪುಟಕ್ಕೆ ಇನ್ನು ಹನ್ನೆರಡು ಕಥೆ ಬೇಕಿತ್ತು, ಅದೂ ಮಾರ್ಚ್ ಮುಗಿಯುವುದರೊಳಗೆ. ಅದು ಬಂದರೆ ಪ್ರೊಫೆಸರ್ ಹುದ್ದೆ, ಬರದಿದ್ದರೆ ಇಲ್ಲ. ಹುದ್ದೆ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಅಮ್ಮಿ ಅವಳ ಮುಖ ನೋಡಿ ಮಾತಾಡಿಯೂ ಎಂಟು ದಿನವಾಗಿತ್ತು. ಇಕ್ಬಾಲನಿಗೆ ಹೆಂಡತಿ ಮಕ್ಕಳಿದ್ದರು, ತಸ್ಲೀಮಾಗೆ ಸುಳ್ಳ ಎಂಬ ಊರಲ್ಲಿ ತುಂಬಿದ ತವರಿತ್ತು. ಈ ಮನೆಯಲ್ಲಿ ಹುಮಾಳಿಗೆ ತನ್ನವರು ಅಂತ ಇದ್ದವಳು ಅಮ್ಮಿ ಒಬ್ಬಳೇ.

*

ಮರುದಿನ ಸಂಜೆ ಹುಮಾ ಧಾರವಾಡದಿಂದ ಪೇಢೆ ತಂದಳು. ಅಮ್ಮಿಗೆ ಪೇಢೆ ಎಂದರೆ ಜೀವ. ಮುದುಕಿ ಪೊಟ್ಟಣ ತೆಗೆದುಕೊಂಡಳು, ದಾರ ಕೂಡ ಬಿಚ್ಚದೆ ಶಾಜಿಯಾಳ ಕೈಗಿಟ್ಟಳು.

"ನೀವ ತಿನ್ರಿ ದಾದಿ."

"ನನಗ ಸಿಹಿ ಒಲ್ಲದಾಗೈತಿ."

ಹುಮಾ ಮಂಚದ ತುದಿಗೆ ಕುಳಿತಳು. "ಅಮ್ಮೀ, ಮುಂದಿನ ವಾರ ಧಾರವಾಡದಾಗ ಪುಸ್ತಕದ ಕಾರ್ಯಕ್ರಮ ಐತಿ. ನಿನಗ ಶಾಲು ಹೊದಸ್ತಾರ. ನೀ ಬರೀ ಒಂದ ಕಥಿ ಹೇಳಿದ್ರ ಸಾಕು. ಕಾರ್ ಕಳಸ್ತಾರ."

"ಶಾಜಿಯಾ, ನಿಮ್ಮ ಫುಪ್ಪಿಗಿ ಹೇಳು, ನನಗ ಮೊಣಕಾಲು ಬ್ಯಾನಿ ಐತಿ."

"ಮೊನ್ನೆ ಬೆಂಗೇರಿ ಸಂತಿಗಿ ನಡಕೋತ ಹೋಗಿದ್ದಿ!"

"ಸಂತಿಗಿ ಹೋಗೂ ಮೊಣಕಾಲು ಬ್ಯಾರೆ, ಸಭಾಕ್ಕ ಹೋಗೂ ಮೊಣಕಾಲು ಬ್ಯಾರೆ ಅಂತ ಹೇಳು."

ಶಾಜಿಯಾ ಪೇಢೆ ತುಂಬಿದ ಬಾಯಲ್ಲಿ ಎರಡೂ ಕಡೆ ನೋಡಿದಳು. ಹೇಳಬೇಕೋ ಬೇಡವೋ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಆ ಮನೆಯಲ್ಲಿ ಕಥೆಗೊಂದು ಕಟ್ಟಳೆ ಇತ್ತು. ಹೇಳುವವರು ಒಂದು ಮಾತು ಹೇಳಿದರೆ ಕೇಳುವವರು "ಹೂಂ" ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಪುಸ್ತಕಕ್ಕಾಗಿ ಕಥೆಗಳನ್ನು ಧ್ವನಿಮುದ್ರಿಸುವಾಗ ಹುಮಾ ಈ ಹೂಂಗಳನ್ನು ತೆಗೆಸಿದ್ದಳು. ಮಗು ನಡುವೆ ಬಾಯಿ ಹಾಕಿದರೆ ಬರೆದುಕೊಳ್ಳುವುದು ಕಷ್ಟವೆಂದು ಶಾಜಿಯಾಳನ್ನು ಹೊರಗೆ ಕಳಿಸಿ, ಫೋನನ್ನು ದಿಂಬಿನ ಮೇಲಿಟ್ಟು, "ಹೇಳು ಅಮ್ಮೀ," ಅಂದಿದ್ದಳು. "ಹೂಂ ಅನ್ನಾಕ ಯಾರೂ ಇಲ್ಲಲ್ಲ, ಯಾರಿಗಿ ಹೇಳ್ಲಿ?" ಎಂದು ಮುದುಕಿ ಕೇಳಿದ್ದಳು. "ಫೋನ್ ಕೇಳ್ತದ, ಹೇಳು," ಎಂದು ಹುಮಾ ತನ್ನ ಟಿಪ್ಪಣಿಯಲ್ಲಿ ಮುಳುಗಿದ್ದಳು. ಆಗ ತಾಯಿ ಏನೂ ತಕರಾರು ಮಾಡಿರಲಿಲ್ಲ. ಹಾಗಾಗಿ ಈಗಿನ ಮುನಿಸಿಗೆ ಅದು ಕಾರಣವಾಗಿರಲಾರದು ಎಂದು ಹುಮಾ ಲೆಕ್ಕ ಹಾಕಿದಳು. ಮುಖಪುಟದಲ್ಲಿದ್ದ ಅಮ್ಮಿಯ ಫೋಟೋ ಕಾರಣವೇ? ತಲೆಯ ಮೇಲಿನ ಸೆರಗು ಸ್ವಲ್ಪ ಜಾರಿತ್ತು. ಅಥವಾ ಓಣಿಯವರು ಯಾರಾದರೂ ಏನಾದರೂ ಅಂದರೇ?

ಕಾರ್ಯಕ್ರಮಕ್ಕೆ ಅಮ್ಮಿ ಹೋಗಲಿಲ್ಲ. ಹುಮಾ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಶಾಲನ್ನು ಮಡಿಸಿ ಅಮ್ಮಿಯ ಮಂಚದ ಮೇಲಿಟ್ಟಳು. ಮರುದಿನ ಮುಂಜಾನೆ ಅದು ಅವಳ ಕೋಣೆಯ ಬಾಗಿಲ ಹತ್ತಿರದ ಕುರ್ಚಿಯ ಮೇಲೆ ಕುಳಿತಿತ್ತು.

ಆ ಭಾನುವಾರ ಇಕ್ಬಾಲನಿಗೂ ಸಿಟ್ಟು ಬಂತು. ಶಾಜಿಯಾ ಕಥೆ ಇಲ್ಲದೆ ಮಲಗುವುದಿಲ್ಲವೆಂದು ಹಟ ಮಾಡುತ್ತಿದ್ದಳು, ತಸ್ಲೀಮಾ ಬೇಸತ್ತಿದ್ದಳು, ಮುದುಕಿ ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಊಟದ ನಡುವೆ ನೀರಿನ ಲೋಟವನ್ನು ಸದ್ದಾಗುವಂತೆ ಇಟ್ಟು ಕೇಳಿದ:

"ಆಪಾ, ಅಮ್ಮಿಗಿ ಏನ್ ಅಂದಿ ನೀನು?"

"ನಾ ಏನ್ ಅಂದೇನಿ? ಅಕಿ ಕಥಿ ಪುಸ್ತಕಾ ಮಾಡೇನಿ. ಅಕಿ ಹೆಸರು ಊರಿಗೆಲ್ಲಾ ಗೊತ್ತಾಗೂಹಂಗ ಮಾಡೇನಿ."

"ಊರಿಗಿ ಗೊತ್ತಾತು, ಖರೇ. ಮನ್ಯಾಗ ಬಾಯಿ ಬಂದ್ ಆತು."

"ಅದಕ್ಕ ನಾನ ಕಾರಣ ಅಂತೀಯೇನು?"

"ಮತ್ಯಾರು? ನನಗಂತೂ ಪುಸ್ತಕಾ ಬರಿಯಾಕ ಬರೂದಿಲ್ಲ."

"ನನಗ ತಕ್ಕಡಿ ರಿಪೇರಿ ಬರೂದಿಲ್ಲ. ಅದಕ್ಕ ಎಂದರ ಜಗಳಾ ತಗದೇನೇನು?"

ಹುಮಾ ಎದ್ದು ತನ್ನ ತಟ್ಟೆಯನ್ನು ತಾನೇ ತೊಳೆದಳು. ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಳಗೆ ಊಟದ ಸದ್ದು, ಶಾಜಿಯಾಳ ನಗು, ಟಿವಿ ಎಲ್ಲ ಕೇಳಿಸುತ್ತಿತ್ತು. ಯಾರೂ ಬಾಗಿಲು ತಟ್ಟಲಿಲ್ಲ. ತಾನು ಈ ಮನೆಯಲ್ಲಿ ಬಾಡಿಗೆಗಿರುವವಳಂತೆ ಆಗಿದ್ದೇನೆ ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು, ಅತ್ತಳು ಕೂಡ.

*

ಜನವರಿಯ ಕೊನೆಯಲ್ಲಿ ಕಾಲೇಜಿನ ಕಿರುಪರೀಕ್ಷೆ ಮುಗಿಯಿತು. ಹುಮಾ ಉತ್ತರಪತ್ರಿಕೆಯ ಕಟ್ಟು ಮನೆಗೆ ತಂದಳು. 'ಮೈನಾ ಮತ್ತು ಮುದುಕಿ ಕಥೆಯಲ್ಲಿ ಮುದುಕಿಯ ಪಾತ್ರವನ್ನು ವಿಶ್ಲೇಷಿಸಿ, ಹತ್ತು ಅಂಕ' ಎಂದು ಅವಳೇ ಪ್ರಶ್ನೆ ಹಾಕಿದ್ದಳು. ಪುಸ್ತಕದ ಮೊದಲ ಕಥೆ ಅದು. ಅವಳು ಸಂಗ್ರಹಿಸಿದ ಮೊದಲ ಕಥೆಯೂ ಅದೇ. ಅವಳ ಹೆಸರು ನಾಲ್ಕು ಜನರಿಗೆ ಗೊತ್ತಾಗುವಂತೆ ಮಾಡಿದ ಲೇಖನವೂ ಅದರ ಮೇಲಿನದೇ. ಇಪ್ಪತ್ತೊಂದು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಭಾನುವಾರ ಮಧ್ಯಾಹ್ನ ಅಮ್ಮಿ ಇಕ್ಬಾಲನ ಚೊಚ್ಚಲ ಮಗ ಫೈಜಾನನ ತೊಟ್ಟಿಲು ತೂಗುತ್ತ ಈ ಕಥೆ ಹೇಳಿದ್ದಳು. ಪಕ್ಕದ ಕೋಣೆಯಲ್ಲಿದ್ದ ಹುಮಾ ಲಗುಬಗೆಯಿಂದ ಡೈರಿಯಲ್ಲಿ ಗೀಚಿಕೊಂಡಿದ್ದಳು.

ಕಥೆ ದೊಡ್ಡದಲ್ಲ. ಒಬ್ಬ ಮುದುಕಿ ಒಂದು ಮೈನಾ ಸಾಕಿದ್ದಳು. ಮೈನಾ ದಿನಾ ರಾಜನ ತೋಟಕ್ಕೆ ಹಾಡು ಕಲಿಯಲು ಹೋಗುತ್ತಿತ್ತು. ಬರಬರುತ್ತ ತಿರುಗಿ ಬರುವುದು ತಡವಾಯಿತು. ಮುದುಕಿ ಕಾಳಿನ ಬಟ್ಟಲು ಮುಚ್ಚಿಟ್ಟು ಕೂಡುವಳು. ಬೆಕ್ಕು ಬಂದೀತೆಂದು ಬಾಗಿಲಿಗೆ ಚಿಲಕ ಹಾಕುವಳು. ಮೈನಾ ಬಂದರೆ ಹೊರಗೇ ಉಳಿದೀತೆಂದು ಚಿಲಕ ತೆಗೆಯುವಳು. ಹಾಕುವಳು, ತೆಗೆಯುವಳು, ಹಾಕುವಳು, ತೆಗೆಯುವಳು. ಬೆಳಗಾಯಿತು. ಅಮ್ಮಿ ಅಲ್ಲಿಗೇ ನಿಲ್ಲಿಸಿದ್ದಳು.

ಹುಮಾ ನಿಲ್ಲಿಸಲಿಲ್ಲ. ಅದನ್ನು ಇಂಗ್ಲಿಷಿಗೆ ಅನುವಾದಿಸಿದಾಗ, ಮಕ್ಕಳ ಕಥೆಗೆ ಒಂದು ಕೊನೆ ಇರಬೇಕೆಂದು ಪತ್ರಿಕೆಯ ಸಂಪಾದಕರು ಕೇಳಿದ್ದರು. ಮೈನಾ ಕೊಕ್ಕಿನಿಂದ ಚಿಲಕ ಮುರಿದು ಆಕಾಶಕ್ಕೆ ಹಾರಿಹೋಯಿತೆಂದು ಅವಳು ಸೇರಿಸಿದಳು. ಆ ಕೊನೆ ಎಲ್ಲರಿಗೂ ಇಷ್ಟವಾಗಿ, ಕನ್ನಡದ ಪುಸ್ತಕದಲ್ಲೂ ಅದೇ ಉಳಿಯಿತು. ಪ್ರಸ್ತಾವನೆಯಲ್ಲಿ ಮುದುಕಿಯ ಬಗ್ಗೆ ಆರು ಪುಟ ಬರೆದಳು. ಮುದುಕಿ ಕಾವಲುಗಾರ್ತಿ, ಹೆಣ್ಣಿನ ಹಾರಾಟಕ್ಕೆ ಮನೆಯೊಳಗಿನಿಂದಲೇ ಅಡ್ಡಬರುವ ಕೈ. ಬೆಕ್ಕು ಸಮಾಜದ ಭಯ. ಬಟ್ಟಲಿನ ಕಾಳು ಆಮಿಷ.

ಅರವತ್ತು ಪತ್ರಿಕೆಗಳೂ ಅದನ್ನೇ ಹೇಳುತ್ತಿದ್ದವು. ಹುಮಾ ಏಳು, ಎಂಟು, ಏಳು ಎಂದು ಅಂಕ ಹಾಕುತ್ತ ಹೋದಳು. ಸಾನ್ವಿ ಎಂಬ ಹುಡುಗಿಯೊಬ್ಬಳು ಮಾತ್ರ ನಾಲ್ಕೇ ಸಾಲು ಬರೆದಿದ್ದಳು. 'ಮುದುಕಿ ಯಾರನ್ನೂ ತಡೆಯುತ್ತಿಲ್ಲ. ಆಕೆ ಕಾಯುತ್ತಿದ್ದಾಳೆ, ಅಷ್ಟೆ. ನಾನು ಹಾಸ್ಟೆಲಿನಿಂದ ಊರಿಗೆ ಹೋಗುವ ದಿನ ನನ್ನ ಅಜ್ಜಿಯೂ ಹೀಗೆಯೇ ಹತ್ತು ಸಲ ಬಾಗಿಲಿಗೆ ಬಂದು ಹೋಗುತ್ತಾಳಂತೆ.' ಹುಮಾ ಕೆಂಪು ಶಾಯಿಯಲ್ಲಿ 'ವಿಶ್ಲೇಷಣೆ ಇಲ್ಲ, ಬರೀ ಭಾವನೆ' ಎಂದು ಬರೆದು ಎರಡು ಅಂಕ ಕೊಟ್ಟಳು.

*

ಫೆಬ್ರವರಿಯ ಮೊದಲ ವಾರ ಅಮ್ಮಿ ಒಂದು ಮಧ್ಯಾಹ್ನ ರೆಹಮತ್‌ಬಿಯ ಮನೆಗೆ ಕುರಾನ್ ಓದಿಸುವುದಕ್ಕೆ ಹೋಗಿದ್ದಳು. ಹುಮಾಳಿಗೆ ರಜೆ. ಅಡುಗೆಮನೆಯಲ್ಲಿ ತಸ್ಲೀಮಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹುಮಾ ಹೊಸ್ತಿಲಲ್ಲಿ ನಿಂತಳು.

"ತಸ್ಲೀಮಾ, ನಿನಗ ಗೊತ್ತೈತಿ. ಅಮ್ಮಿ ಯಾಕ ಹಿಂಗ ಮಾಡಾಕತ್ತಾಳ?"

"ನನಗ್ಯಾಕ ಬೇಕ್ರಿ ಆಪಾ. ತಾಯಿ ಮಗಳ ನಡುವ ಬಂದವರು ಉದ್ಧಾರ ಆಗ್ಯಾರೇನು?"

"ಹೇಳವ್ವಾ. ಕೈ ಮುಗಿತೇನಿ."

ತಸ್ಲೀಮಾಳ ಕೈ ಹಿಟ್ಟಿನ ಮೇಲೆ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು, ನೀರು ಸವರಿದಳು, ಆಮೇಲೆ ಹೇಳಿದಳು.

"ಸಾಲಿ ಸೂಟಿ ಇತ್ತಲ್ರಿ, ಡಿಸೆಂಬರ್‌ದಾಗ. ಅತ್ತಿ ಶಾಜಿಯಾಗ ಅಂದ್ರು, 'ನಿಮ್ಮ ಫುಪ್ಪಿ ಪುಸ್ತಕಾ ಓದು, ನಾ ಹೇಳಿದ್ದು ಕನ್ನಡದಾಗ ಹೆಂಗ ಕೇಳಸ್ತದ ನೋಡೂಣು' ಅಂತ. ಎಷ್ಟು ಖುಷಿ ಇದ್ರು ಗೊತ್ತೇನ್ರಿ? ತಲಿ ಹಿಕ್ಕೊಂಡು, ಛಲೋ ಸೀರಿ ಉಟಗೊಂಡು ಕುಂತಿದ್ರು. ಹುಡುಗಿ ಮೊದಲನೇ ಹಾಳಿಯಿಂದ ಓದಾಕ ಹತ್ತು. ಕಥಿ ಎಲ್ಲಿ, ನಿಮ್ಮ ಮಾತು ಎಲ್ಲಿ, ಅದಕ್ಕೇನ್ ತಿಳಿತದ? ಮುದುಕಿ ಕಾವಲುಗಾರ್ತಿ ಅಂತ ಓದ್ತು. ಅಡ್ಡಬರೂ ಕೈ ಅಂತ ಓದ್ತು. ಅತ್ತಿ 'ಇನ್ನೊಮ್ಮಿ ಓದು' ಅಂದ್ರು. ಓದ್ತು. 'ಸಾಕು' ಅಂದ್ರು."

"ಅದು ಕಥಿಯೊಳಗಿನ ಮುದುಕಿ ಬಗ್ಗೆ, ತಸ್ಲೀಮಾ! ಅಮ್ಮಿ ಬಗ್ಗೆ ಅಲ್ಲ."

ತಸ್ಲೀಮಾ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಓದಿದವಳಿಗೆ ಇದೂ ತಿಳಿಯಲಿಲ್ಲವೇ ಎಂಬ ಆಶ್ಚರ್ಯ ಮಾತ್ರ ಇತ್ತು.

"ಆಪಾ, ಆ ಕಥಿ ಹೇಳಿದ ದಿನಾ ಫೈಜಾನಗ ನಾಕು ತಿಂಗಳು. ನಾಕು ತಿಂಗಳ ಕೂಸಿಗಿ ಯಾರರ ಕಥಿ ಹೇಳ್ತಾರೇನ್ರಿ?"

ಹುಮಾ ಹೊಸ್ತಿಲ ಮೇಲೆಯೇ ಕುಳಿತಳು.

"ನಾ ಬಾಣಂತಿ, ಅತ್ತಿ ಕೋಣ್ಯಾಗನ ಮಲಗತಿದ್ದೆ. ನೀವು ಆಗ ಧಾರವಾಡದಿಂದ ಕಡೀ ಬಸ್ಸಿಗಿ ಬರ್ತಿದ್ರಿ. ಅತ್ತಿ ನಿಮ್ಮ ತಾಟ ಮುಚ್ಚಿಟ್ಟು ಮಲಗವ್ರು. ಏಳವ್ರು, ಚಿಲಕಾ ಹಾಕವ್ರು. ಮತ್ತ ಏಳವ್ರು, ತಗಿಯವ್ರು. ದಿನಾ ನೋಡೇನ್ರಿ ನಾ, ಕಣ್ಣಾರೆ. ನಿಮಗ ಎದುರಾ ಎದುರು ಕೇಳಾಕ ಆಗಲಿಲ್ಲ ಅವರಿಗೆ. ಒಂದ ರವಿವಾರ ನೀವು ಮನ್ಯಾಗ ಇದ್ದಾಗ ತೊಟ್ಟಲಾ ತೂಗೋತ ದೊಡ್ಡ ದನಿಲೆ ಹೇಳಿದ್ರು. ನೀವು ಎದ್ದು ಬರ್ತೀರಿ ಅಂತ ಬಾಗಲಾ ನೋಡಿದ್ರು."

"ನಾ ಬರಕೋತ ಕುಂತಿದ್ದೆ," ಅಂದಳು ಹುಮಾ.

"ಹೌದ್ರಿ. ಬರಕೋತ ಕುಂತಿದ್ರಿ."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ತಸ್ಲೀಮಾ ಅದನ್ನು ತೆಗೆದು ಪಕ್ಕಕ್ಕಿಟ್ಟು, ಇನ್ನೊಂದು ಉಂಡೆ ಕೈಗೆತ್ತಿಕೊಂಡಳು. ಮಕ್ಕಳ ಕಥೆ ಕೇಳುವ ಮಗು ಯಾರು, ಅದಕ್ಕೆಷ್ಟು ವಯಸ್ಸು ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂದು ಹುಮಾ ಪ್ರತಿವರ್ಷ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಆ ಒಂದು ಕಥೆಗೆ ಮಾತ್ರ ಆ ಪ್ರಶ್ನೆ ಹಾಕಿರಲಿಲ್ಲ.

*

ಅಂದು ಸಂಜೆಯೇ ಅವಳು ತಾಯಿಯ ಮಂಚದ ಹತ್ತಿರ ಹೋದಳು. ಶಾಜಿಯಾ ಅಲ್ಲೇ ಕುಳಿತು ಮಗ್ಗಿ ಬರೆಯುತ್ತಿದ್ದಳು. ಮುದುಕಿ ತಸ್ಬಿಯ ಮಣಿ ಎಣಿಸುತ್ತಿದ್ದಳು.

"ಅಮ್ಮೀ, ನನಗ ಗೊತ್ತಿರಲಿಲ್ಲ. ಹಳೇ ಕಥಿ ಅಂತ ತಿಳಕೊಂಡಿದ್ದೆ. ಎಲ್ಲಾ ಊರಾಗೂ ಇಂಥಾ ಕಥಿ ಇರ್ತಾವ, ಅದರಾಗ ಮುದುಕಿ ಅಂದ್ರ ಒಂದು ಗುರುತು, ಖರೇ ಮುದುಕಿ ಅಲ್ಲ ಅಂತ..." ಹೇಳುತ್ತ ಹೇಳುತ್ತ ತನ್ನ ದನಿ ತರಗತಿಯ ದನಿಯಾಗುತ್ತಿದೆ ಎಂದು ಅವಳಿಗೇ ಕೇಳಿಸಿತು. ಅಲ್ಲಿಗೆ ನಿಲ್ಲಿಸಿದಳು. "ತಪ್ಪಾತು, ಅಮ್ಮೀ."

ಮಣಿಗಳು ಒಂದೊಂದಾಗಿ ಸರಿದವು. ಮುದುಕಿ ಮೊಮ್ಮಗಳ ಕಡೆ ತಿರುಗಿದಳು.

"ಶಾಜಿಯಾ, ನಿಮ್ಮ ಫುಪ್ಪಿಗಿ ಕೇಳು. ಮೈನಾ ಚಿಲಕಾ ಮುರದು ಹಾರಿ ಹೋತು ಅಂತ ಯಾರ್ ಹೇಳಿದ್ರು? ನಾ ಹೇಳಿಲ್ಲ."

"ನಾನ ಸೇರಿಸಿದೆ," ಅಂದಳು ಹುಮಾ.

"ಚಿಲಕಾ ತಗದಿತ್ತು ಅಂತ ಹೇಳು. ಮುರಿಯೂದು ಬೇಕಾಗಿರಲಿಲ್ಲ ಅಂತ ಹೇಳು."

ಅಷ್ಟು ಹೇಳಿ ಶಹಜಹಾನಬೇಗಂ ಮತ್ತೆ ತಸ್ಬಿಗೆ ಮರಳಿದಳು. ಶಾಜಿಯಾ ಪೆನ್ಸಿಲ್ ಕಚ್ಚಿಕೊಂಡು ಫುಪ್ಪಿಯ ಮುಖ ನೋಡಿದಳು. ಈ ಸಲ ಅವಳಿಗೆ ಏನನ್ನೂ ದಾಟಿಸುವ ಕೆಲಸ ಇರಲಿಲ್ಲ.

ಮರುದಿನ ಹುಮಾ ಸಾನ್ವಿಯ ಪತ್ರಿಕೆ ಹುಡುಕಿ ತೆಗೆದಳು. ಎರಡನ್ನು ಹೊಡೆದು ಒಂಬತ್ತು ಮಾಡಿದಳು. ತಾನು ಬರೆದ ಕೆಂಪು ಸಾಲಿನ ಕೆಳಗೆ 'ನೀನು ಬರೆದದ್ದು ಸರಿ, ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದಳು. ಪ್ರಕಾಶಕರಿಗೆ ಫೋನ್ ಮಾಡಿ ಮೊದಲ ಕಥೆಯ ಕೊನೆ ಮತ್ತು ಪ್ರಸ್ತಾವನೆಯ ಆರು ಪುಟ ಬದಲಿಸಬೇಕು ಅಂದಳು. ಸಾವಿರ ಪ್ರತಿ ಆಗಲೇ ಅಂಗಡಿ ಸೇರಿವೆ ಮೇಡಂ, ಮುಂದಿನ ಮುದ್ರಣವಾದರೆ ನೋಡೋಣ ಎಂದು ಅವರು ನಕ್ಕರು. ಎರಡನೆಯ ಸಂಪುಟ ಸದ್ಯಕ್ಕಿಲ್ಲ ಎಂದು ಕಾಲೇಜಿಗೆ ಒಂದು ಪತ್ರ ಬರೆದು ಕೊಟ್ಟಳು. ವಿಭಾಗದ ಮುಖ್ಯಸ್ಥ ಏಕನಾಥ ಅದನ್ನು ಎರಡು ಸಲ ಓದಿ, "ವಿಚಾರ ಮಾಡ್ರಿ ಮೇಡಂ, ಇನ್ನೊಂದು ಅವಕಾಶ ಲಗೂ ಬರೂದಿಲ್ಲ," ಅಂದರು. "ವಿಚಾರ ಭಾಳ ಮಾಡೇನ್ರಿ ಸರ್, ಅದ ತೊಂದರಿ ಆಗಿದ್ದು," ಎಂದು ಅವಳು ಬಂದುಬಿಟ್ಟಳು. ಧಾರವಾಡದಿಂದ ಹೊರಟ ಚಿಗರಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಹುಬ್ಬಳ್ಳಿಯವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ಪ್ರೊಫೆಸರ್ ಹುದ್ದೆ ಕೈತಪ್ಪಿತ್ತು, ಅಮ್ಮಿಯೂ ಮಾತಾಡುತ್ತಿರಲಿಲ್ಲ. ಮನೆಗೆ ಹೋಗಿ ಯಾರಿಗೆ ಏನು ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ.

*

ಭಾನುವಾರ ಮಧ್ಯಾಹ್ನ. ಇಕ್ಬಾಲ, ಫೈಜಾನ ಅಂಗಡಿಯಲ್ಲಿದ್ದರು. ನಮಾಜು ಮುಗಿಸಿ ಮುದುಕಿ ಪರದೆಯ ಆಚೆ ಮಂಚದ ಮೇಲೆ ಅಡ್ಡಾಗಿದ್ದಳು. ತಸ್ಲೀಮಾ ಒಲೆಯ ಮುಂದೆ. ಹುಮಾ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮೆಂತ್ಯೆಸೊಪ್ಪಿನ ಸಿವುಡು ಬಿಚ್ಚಿದಳು. ಪರದೆಗೂ ಹೊಸ್ತಿಲಿಗೂ ಐದು ಹೆಜ್ಜೆ.

"ಶಾಜಿಯಾ, ಬಾ ಇಲ್ಲಿ, ಸೊಪ್ಪು ಬಿಡಸು. ಕಥಿ ಹೇಳ್ತೇನಿ."

"ನೀವಾ?" ಶಾಜಿಯಾ ಬಾಯಿ ತೆರೆದಳು.

"ನಾನ. ಹೂಂ ಅನ್ನಬೇಕು ನೋಡು, ಇಲ್ಲಂದ್ರ ನಿಲ್ಲಸ್ತೇನಿ. ಒಂದು ಮೈನಾ ಇತ್ತು."

"ಹೂಂ. ಇದು ನನಗ ಗೊತ್ತೈತಿ."

"ಗೊತ್ತಿಲ್ಲ. ಇದು ಮೈನಾದ ಕಡಿಯಿಂದ." ಹುಮಾಳ ದನಿ ಮೊದಮೊದಲು ತಡವರಿಸಿತು. ನೂರಾರು ಕಥೆಗಳ ಬಗ್ಗೆ ಮಾತಾಡಿದ್ದಳೇ ಹೊರತು ಒಂದು ಕಥೆಯನ್ನು ಕೂಸಿಗೆ ಹೇಳಿದವಳಲ್ಲ. "ಮುದುಕಿ ಒಂದು ಛಲೋ ಸಂಬಂಧ ತಂದಿದ್ಲು. ಮೈನಾ ಒಲ್ಲೆ ಅಂತು."

"ಹೂಂ."

"ಮುದುಕಿ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಏನೂ ಅನ್ನಲಾರದ ತಾಟಿಗಿ ಅನ್ನಾ ಹಾಕಿದ್ಲು. ಆವತ್ತಿಂದ ಮೈನಾಗ ಮುದುಕಿ ಮಕಾ ನೋಡಾಕ ನಾಚಿಗಿ."

"ಹೂಂ. ಅದಕ್ಕ ತಡಾ ಮಾಡ್ತಿತ್ತೇನು?"

"ರಾಜನ ತ್ವಾಟಾ ಸಂಜಿಗೇ ಮುಚ್ಚತಿತ್ತು. ಎಲ್ಲಾರೂ ಮೈನಾ ಭಾಳ ಹಾಡು ಕಲಿಯಾಕತ್ತೈತಿ ಅಂತಿದ್ರು. ಹಾಡೂ ಇಲ್ಲ, ಏನೂ ಇಲ್ಲ. ಓಣಿ ತುದಿಗಿ ಬಂದು ಬೇವಿನ ಗಿಡದ ಕೆಳಗ ಕುಂದರತಿತ್ತು. ಮನಿ ದೀಪಾ ಆರೂತನಾ ಅಲ್ಲೇ ಕಾಯ್ತಿತ್ತು. ಒಬ್ಬಾಕೀನ."

ತಸ್ಲೀಮಾಳ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಷ್ಟರಲ್ಲಿ ಹೊರಗಿನಿಂದ ಯಾರೋ "ಶಾಜಿಯಾ, ಬಾರೇ, ಕುಂಟಲಿಪಿ ಆಡೂಣು!" ಎಂದು ಕೂಗಿದರು. ಮಕ್ಕಳ ಸಾಹಿತ್ಯದ ಪಂಡಿತೆಯ ಮೊದಲ ಕಥೆಯನ್ನು ಅರ್ಧಕ್ಕೇ ಬಿಟ್ಟು, ಕೈಯಲ್ಲಿದ್ದ ಸೊಪ್ಪನ್ನು ಪುಟ್ಟಿಗೆಸೆದು, ಶಾಜಿಯಾ ಓಡಿದಳು.

ಹುಮಾ ಮೆಂತ್ಯದ ಕಡ್ಡಿ ಹಿಡಿದು ಕುಳಿತಳು. ಹೂಂ ಅನ್ನುವವರು ಹೋಗಿದ್ದರು. ಕಟ್ಟಳೆಯ ಪ್ರಕಾರ ಕಥೆ ನಿಲ್ಲಬೇಕು.

"ಹೂಂ," ಎಂದಿತು ಪರದೆಯ ಆಚೆಯ ದನಿ.

ಹುಮಾ ಅಲುಗಾಡಲಿಲ್ಲ. ಪರದೆಯ ಕಡೆ ನೋಡಲೂ ಇಲ್ಲ, ಸೊಪ್ಪನ್ನು ನೋಡಿಕೊಂಡೇ ಹೇಳಿದಳು.

"ಮುದುಕಿ ತಾಟ ಮುಚ್ಚಿಟ್ಟಿರತಿದ್ಲು. ಮೈನಾ ಗಿಡದ ಕೆಳಗ ಕುಂತಲ್ಲೆ ಚುರಮರಿ ತಿಂದು ಬಂದಿರ್ತಿತ್ತು."

"ಹೂಂ."

"ಉಂಡಿಲ್ಲಂದ್ರ ಮುದುಕಿ ಮನಸಿಗಿ ಹತ್ತತದ. ಅದಕ್ಕ ಹಿತ್ತಲ ಬಾಗಲಾ ತಗದು ರೊಟ್ಟಿ ಎಲ್ಲಾ ಬೆಕ್ಕಿಗಿ ಹಾಕ್ತಿತ್ತು. ತಾಟ ತೊಳದು ಬೋರಲಾ ಇಡ್ತಿತ್ತು. ಉಂಡೈತಿ ಅಂತ ತಿಳಕೊಳ್ಳಲಿ ಅಂತ. ಒಂದ ವರ್ಷ, ದಿನಾ."

ಈ ಸಲ ಹೂಂ ಬರಲಿಲ್ಲ. ಹೇಳಬಾರದಿತ್ತೇನೋ ಎಂದು ಹುಮಾಳಿಗೆ ಅನ್ನಿಸಿತು. ಮಂಚ ಕಿರ್ರೆಂದಿತು. ಪರದೆ ಸರಿಯಿತು. ಶಹಜಹಾನಬೇಗಂ ಗೋಡೆ ಹಿಡಿದು ನಿಂತಿದ್ದಳು. ಆರು ವಾರದ ಮೇಲೆ ಮಗಳ ಮುಖವನ್ನು ನೇರವಾಗಿ ನೋಡಿದಳು.

"ನನಗ ಗೊತ್ತಿತ್ತು," ಅಂದಳು. "ಆ ವರ್ಷ ಬೆಕ್ಕು ಎಷ್ಟು ದಪ್ಪ ಆಗಿತ್ತು."

ತಸ್ಲೀಮಾ ಸೆರಗನ್ನು ಬಾಯಿಗಿಟ್ಟುಕೊಂಡಳು. ಹುಮಾಳಿಗೆ ನಗು ಬರಲಿಲ್ಲ.

"ಗೊತ್ತಿದ್ದೂ ಯಾಕ ಮುಚ್ಚಿಡ್ತಿದ್ದಿ, ಅಮ್ಮೀ? ದಿನಾ?"

ಇದೆಂಥ ಪ್ರಶ್ನೆ ಎಂಬಂತೆ ಮುದುಕಿ ಅವಳನ್ನು ನೋಡಿದಳು.

"ಒಂದ ದಿನಾ ಹಸದು ಬಂದಿದ್ರ?"

ಒಲೆಯ ಮೇಲೆ ರೊಟ್ಟಿ ಉಬ್ಬಿತ್ತು. ಹುಮಾ ಸೊಪ್ಪಿನ ಪುಟ್ಟಿ ಸರಿಸಿ, ಹೊಸ್ತಿಲಲ್ಲೇ ತಾಯಿಗೆ ಜಾಗ ಮಾಡಿದಳು.

"ಇವತ್ತ ಹಸದೇನಿ, ಅಮ್ಮೀ," ಅಂದಳು.